ನೀಲಗಂಗಮ್ಮ ಬೆಳ್ಳಗಾದ ಪ್ರಕರಣ

ನಾಗಪುರದ ಸದರ್ ಬಡಾವಣೆಯಲ್ಲಿ ಬಣ್ಣಗಳ ಬಗ್ಗೆ ಕೊನೆಯ ತೀರ್ಪು ಕೊಡುವ ಅಧಿಕಾರ ಶಿವಪುತ್ರಪ್ಪನವರದಾಗಿತ್ತು. ಈ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಯಾರೂ ಕೊಡದಿರುವುದನ್ನು ನೋಡಿ ಅವರೇ ತೆಗೆದುಕೊಂಡಿದ್ದರು. ರೈಲ್ವೆ ಉಗ್ರಾಣದಲ್ಲಿ ಪೇಂಟ್ ಡಬ್ಬಿಗಳ ಗುಮಾಸ್ತರಾಗಿ ನೌಕರಿ ಮುಗಿಸಿದ ಮನುಷ್ಯ ಅವರು. ಇಡೀ ನೌಕರಿಯಲ್ಲಿ ಒಮ್ಮೆಯೂ ಬ್ರಷ್ ಹಿಡಿದವರಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದವರೂ ಅಲ್ಲ, ಏಕೆಂದರೆ ಮುಚ್ಚಳ ತೆಗೆಯುವುದು ಉಗ್ರಾಣದ ನಿಯಮಕ್ಕೆ ವಿರುದ್ಧವಾಗಿತ್ತು. ಬಣ್ಣಗಳನ್ನು ಅವರು ಡಬ್ಬಿಯ ಮೇಲಿನ ನಂಬರಿನಿಂದಲೇ ಬಲ್ಲವರು.

ಆದರೂ ನಿವೃತ್ತಿಯ ನಂತರ ತಮ್ಮ ಅಪಾರ್ಟ್‌ಮೆಂಟಿನ ಯಾವ ಮನೆಯಲ್ಲಿ ಪೇಂಟಿಂಗ್ ನಡೆದರೂ ಅಲ್ಲಿಗೆ ಹೋಗಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿ, "ಏಕ್ ಹಾಥ್ ಔರ್ ಲಗೇಗಾ" ಎಂದು ಹೇಳಿ ಚಹಾ ಕುಡಿದು ಬರುತ್ತಿದ್ದರು. ಎರಡನೆಯ ಕೋಟು ಹೇಗಿದ್ದರೂ ಬೇಕೇ ಬೇಕಾಗುವುದರಿಂದ ಅವರ ಮಾತು ಎಂದೂ ಸುಳ್ಳಾಗಲಿಲ್ಲ. ಜನ ಅವರನ್ನು 'ಕಲರ್ ಸಾಹೇಬ' ಎಂದು ಕರೆದರು. ಕರೆದವರು ತಮಾಷೆಗೆ ಕರೆದರು, ಕರೆಸಿಕೊಂಡವರು ಗಂಭೀರವಾಗಿ ತೆಗೆದುಕೊಂಡರು. ಎಷ್ಟೋ ಬಿರುದುಗಳ ಹುಟ್ಟು ಹೀಗೆಯೇ.

ಈ ಬಿರುದನ್ನು ಮನಃಪೂರ್ವಕ ನಂಬಿದವಳು ಮೊಮ್ಮಗಳು ನೇತ್ರಾ. ಐದು ವರ್ಷದ ಹುಡುಗಿ, ಹತ್ತಿರದ ಬಾಲವಾಡಿಗೆ ಹೋಗುತ್ತಿದ್ದಳು. ಅಲ್ಲಿಯ ನಮಿತಾ ಟೀಚರ್ ಒಂದು ಹೊಸ ಪಾಠ ಯೋಜಿಸಿದ್ದರು. ಮಕ್ಕಳು ತಂತಮ್ಮ ಕೈ ನೋಡಿಕೊಳ್ಳಬೇಕು, ತಂತಮ್ಮ ಮೈಬಣ್ಣವನ್ನು ತಾವೇ ಕಲಸಿಕೊಳ್ಳಬೇಕು, ಆ ಬಣ್ಣದಲ್ಲಿ ತಮ್ಮ ಮುಖ ಬರೆಯಬೇಕು. ಒಬ್ಬರಂತೆ ಇನ್ನೊಬ್ಬರಿಲ್ಲ, ಅದರಲ್ಲಿ ಹೆಚ್ಚು ಕಡಿಮೆಯೇನೂ ಇಲ್ಲ ಎಂಬುದು ಆಟದಲ್ಲೇ ತಿಳಿಯಲಿ ಎಂದು ಅವರ ಆಸೆ. ಇದನ್ನು ಕೇಳಿದ ಕೂಡಲೇ ನೇತ್ರಾ ಎದ್ದು ನಿಂತು, ತನ್ನ ಅಜ್ಜನಿಗೆ ಲೋಕದ ಎಲ್ಲ ಬಣ್ಣಗಳೂ ಗೊತ್ತು ಎಂದು ಘೋಷಿಸಿಬಿಟ್ಟಳು. ಟೀಚರ್ ಫೋನ್ ಮಾಡಿ ಶಿವಪುತ್ರಪ್ಪನವರನ್ನು ಕರೆದರು. "ಆಪ್ ಆಯೇಂಗೇ ನಾ, ಅಂಕಲ್?" ಎಂಬುದಷ್ಟೇ ಅವರ ಕಿವಿಗೆ ಬಿತ್ತು. ಉಳಿದದ್ದನ್ನು ಟೀಚರ್ ವಿವರಿಸುತ್ತಿದ್ದಾಗ ಅವರು ಯಾವ ಶರ್ಟ್ ಹಾಕಿಕೊಳ್ಳಬೇಕೆಂದು ಯೋಚಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಚಮಡಿ ಕಾ ಕಲರ್ ದೇನಾ" ಎಂದು ಚರ್ಮದ ಬಣ್ಣ ಕೇಳಿದರು. ಅಂಗಡಿಯವ ಒಂದು ಕ್ಷಣ ಬೆಚ್ಚಿದ. ಆಮೇಲೆ ಸಾವರಿಸಿಕೊಂಡು, ಮಾರಾಟವಾಗದೆ ಉಳಿದಿದ್ದ ತಿಳಿಗುಲಾಬಿ ಬಣ್ಣದ ಡಬ್ಬಿ ತೋರಿಸಿದ. ಶಿವಪುತ್ರಪ್ಪನವರಿಗೆ ಅದು ಬಹಳ ಹಿಡಿಸಿತು. ಒಂದು ಬಕೆಟ್ ತುಂಬ ತಂದರು.

ಸೊಸೆ ಧನುಶ್ರೀ ಬಾಗಿಲಲ್ಲಿ ಬಕೆಟ್ ನೋಡಿ, "ಮಾಮಾರ, ಸಾಲಿಗೆ ಪಾಠ ಹೇಳಾಕ ಹೊಂಟೀರೋ, ಸಾಲಿಗೆ ಬಣ್ಣಾ ಹಚ್ಚಾಕ ಹೊಂಟೀರೋ?" ಎಂದಳು.

"ನಿನಗ ತಿಳ್ಯಾಂಗಿಲ್ಲವ್ವಾ. ಎಲ್ಲಾರಿಗೂ ಒಂದ ಬಕೆಟ್‌ನ್ಯಾಗಿಂದ ಕೊಟ್ರ ಶೇಡ್ ಬ್ಯಾರೆ ಬ್ಯಾರೆ ಆಗೂದಿಲ್ಲ. ಕಂಪ್ಲೇಂಟೂ ಬರೂದಿಲ್ಲ. ರೈಲ್ವೇದಾಗ ಹಿಂಗ ಮಾಡ್ತಿದ್ವಿ."

ರೈಲ್ವೆ ಡಬ್ಬಿಗಳಿಗೆ ಸಲ್ಲುವ ಈ ತತ್ವ ಬಾಲವಾಡಿಯಲ್ಲಿ ಸಲ್ಲಲಿಲ್ಲ. ಸದರ್ ಎಂದರೆ ನಾಲ್ಕೂ ದಿಕ್ಕಿನ ಜನ ಬಂದು ಬೇರೂರಿದ ಜಾಗ. ಅಲ್ಲಿಯ ಮಕ್ಕಳನ್ನು ಸಾಲಾಗಿ ಕೂರಿಸಿದರೆ ಒಬ್ಬರ ತೋಳು ಇನ್ನೊಬ್ಬರ ತೋಳಿನಂತಿರುವುದಿಲ್ಲ. ಶಿವಪುತ್ರಪ್ಪನವರು ಬಕೆಟ್ಟಿನ ಮುಚ್ಚಳ ತೆಗೆದು, "ಯೇ ಹೈ ಆದ್ಮೀ ಕಾ ಕಲರ್" ಎಂದು ಉದ್ಘಾಟನಾ ಭಾಷಣ ಮಾಡಿದರು. ಮೊದಲ ಸಾಲಿನ ಋತ್ವಿಕ್ ಇಣುಕಿ ನೋಡಿ, "ಯೇ ತೋ ಸ್ಟ್ರಾಬೆರಿ ಆಯಿಸ್‌ಕ್ರೀಮ್ ಹೈ!" ಎಂದ. ತರಗತಿ ಎದ್ದು ಓಡಿ ಬಂತು. ಮಕ್ಕಳು ಒಬ್ಬೊಬ್ಬರಾಗಿ ಬಕೆಟ್ಟಿನ ಮೇಲೆ ತೋಳು ಹಿಡಿದು ನೋಡಿದರು. ಯಾರದೂ ಹೊಂದಲಿಲ್ಲ. ನಮಿತಾ ಟೀಚರ್ ನಗು ತಡೆಯುತ್ತ ತಾವೂ ಕೈ ಹಿಡಿದರು; ಅವರದೂ ಹೊಂದಲಿಲ್ಲ. ಕೊನೆಗೆ ಕಲರ್ ಸಾಹೇಬರೇ ತಮ್ಮ ತೋಳನ್ನು ಹಿಡಿದು ನೋಡಿದರು. ಆ ಬಕೆಟ್ಟಿನ ಬಣ್ಣದ ಆದ್ಮಿ ನಾಗಪುರದಲ್ಲೇ ಇದ್ದಂತೆ ಕಾಣಲಿಲ್ಲ.

ಮಕ್ಕಳೆಲ್ಲ ನಕ್ಕರು. ನೇತ್ರಾ ನಗಲಿಲ್ಲ. ತನ್ನ ಕಪ್ಪು ತೋಳನ್ನು ಬಕೆಟ್ಟಿನ ಮೇಲೆ ಬಹಳ ಹೊತ್ತು ಹಿಡಿದಿದ್ದು, "ಅಜ್ಜಾ, ಇದ್ರಾಗ ನಾ ಇಲ್ಲ" ಎಂದಳು.

ಈ ಮಾತಿನ ಹಿಂದೆ ಒಂದು ಚರಿತ್ರೆಯಿತ್ತು. ಶಿವಪುತ್ರಪ್ಪನವರ ಅಕ್ಕ ಬಸವೇಶ್ವರಿ ರಾಮದಾಸಪೇಠದಲ್ಲಿ ಮಗನ ಮನೆಯಲ್ಲಿದ್ದರೂ ದಿನವೂ ತಮ್ಮನ ಮನೆಗೆ ಹಾಜರಿ ಹಾಕುತ್ತಿದ್ದಳು, ಒಂದು ಡಬ್ಬಿಯಲ್ಲಿ ಕಡಲೆಹಿಟ್ಟು, ಇನ್ನೊಂದರಲ್ಲಿ ಹಾಲಿನ ಕೆನೆ ತೆಗೆದುಕೊಂಡು. ನೇತ್ರಾಳನ್ನು ಮಣೆಯ ಮೇಲೆ ಕೂರಿಸಿ ತಿಕ್ಕುತ್ತ, "ಯಾರ ಹಂಗ ಆತೋ ಕೂಸು! ನಮ್ಮ ವಂಶದಾಗ ಯಾರೂ ಹಿಂಗಿಲ್ಲವಾ" ಎಂದು ರಾಗ ಎಳೆಯುತ್ತಿದ್ದಳು. ತಿಕ್ಕಿದಷ್ಟೂ ಕೂಸು ಹೊಳೆಯುತ್ತಿತ್ತೇ ಹೊರತು ಬಣ್ಣ ಬಿಡುತ್ತಿರಲಿಲ್ಲ. ಅಕ್ಕನ ಮಾತಿಗೆ ಶಿವಪುತ್ರಪ್ಪನವರು ಎಂದೂ ಎದುರಾಡಿದವರಲ್ಲ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂರುತ್ತಿದ್ದರು.

ಬಕೆಟ್ಟನ್ನು ಟೀಚರ್ ಸೌಜನ್ಯದಿಂದ ಮೂಲೆಗೆ ಸರಿಸಿದರು. ಶನಿವಾರ ಮತ್ತೆ ಬನ್ನಿ, ಆಗ ಮಕ್ಕಳೇ ಬಣ್ಣ ಕಲಸುತ್ತಾರೆ ಎಂದರು. ಜೊತೆಗೆ, ಮನೆಯಲ್ಲಿ ಯಾರ ಮೈಬಣ್ಣ ನಿಮ್ಮಂತಿದೆಯೋ ಅವರ ಒಂದು ಫೋಟೋ ತನ್ನಿ ಎಂದು ಮಕ್ಕಳಿಗೆ ಹೇಳಿದರು.

ನೇತ್ರಾ ಅಂದೇ ತನಿಖೆ ಆರಂಭಿಸಿದಳು. ಅವ್ವನ ತೋಳಿಗೆ ತೋಳು ಹಚ್ಚಿ ನೋಡಿದಳು, ಅಪ್ಪ ಕೇದಾರನಾಥ ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಅವನ ತೋಳು ನೋಡಿದಳು, ಮಲಗಿದ್ದ ಅಜ್ಜನನ್ನು ಎಬ್ಬಿಸಿ ನೋಡಿದಳು. ಯಾರೂ ಆಗಲಿಲ್ಲ. ಮನೆಯಲ್ಲಿ ಸಾಮಗ್ರಿ ಮುಗಿದ ಮೇಲೆ ಮರುದಿನ ಕೆಳಗಿಳಿದಳು. ಗೇಟಿನ ಬಳಿ ಬುಟ್ಟಿಯಲ್ಲಿ ಕಿತ್ತಳೆ ಮಾರುವ ಮುದುಕಿಯೊಬ್ಬಳು ಕೂರುತ್ತಿದ್ದಳು. ನೇತ್ರಾ ಅವಳ ಪಕ್ಕದಲ್ಲಿ ಕುಳಿತು ತೋಳಿಗೆ ತೋಳು ಜೋಡಿಸಿದಳು. ಹೆಚ್ಚು ಕಡಿಮೆ ಹೊಂದಿತು.

"ತುಮ್ ಮೇರೀ ಅಜ್ಜಿ ಹೋ ಕ್ಯಾ?"

"ಹೋ ಬಾಳಾ, ಮೀಚ್ ತುಝೀ ಆಜೀ" ಎಂದು ಆ ಪುಣ್ಯಾತ್ಗಿತ್ತಿ ನಕ್ಕು, ತಾನೇ ಅಜ್ಜಿಯೆಂದು ಒಪ್ಪಿಕೊಂಡು, ಒಂದು ಕಿತ್ತಳೆ ಸುಲಿದುಕೊಟ್ಟಳು.

ಈ ಸಂಭಾಷಣೆಯನ್ನು ವಾಚ್‌ಮನ್ ಕೇಳಿದ. ಒಂದನೇ ಮಹಡಿಗೆ ಬರುವಷ್ಟರಲ್ಲಿ ಅದು, ಕಿತ್ತಳೆಯವಳು ಶಿವಪುತ್ರಪ್ಪನವರ ಮೊಮ್ಮಗಳನ್ನು ತನ್ನವಳೆನ್ನುತ್ತಾಳೆ ಎಂದಾಯಿತು. ಎರಡನೆಯದರಲ್ಲಿ ಕೂಸು ದತ್ತಕವಂತೆ ಎಂದಾಯಿತು. ಮೂರನೆಯದರಲ್ಲಿ, ಅದಕ್ಕೇ ನೋಡಿ ಬಣ್ಣ ಬೇರೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು ಎಂದಾಯಿತು. ಸಂಜೆ ಸೊಸೈಟಿಯ ಸೆಕ್ರೆಟರಿ ಬಂದು ಸೋಫಾದ ತುದಿಯಲ್ಲಿ ಕುಳಿತು, "ಕಾಕಾ, ದತ್ತಕ ಘೇಣಂ ಪುಣ್ಯಾಚಂ ಕಾಮ ಆಹೇ, ಪಣ್ ಸೊಸೈಟೀಲಾ ಸಾಂಗಾಯಲಾ ಹವಂ" ಎಂದರು. ದತ್ತು ತೆಗೆದುಕೊಳ್ಳುವುದು ಪುಣ್ಯದ ಕೆಲಸವೇ, ಆದರೆ ಸೊಸೈಟಿಗೆ ತಿಳಿಸಬೇಕಿತ್ತು ಎಂದು ಅವರ ತಕರಾರು.

ಧನುಶ್ರೀ ಅಡುಗೆಮನೆಯಿಂದ ಲಟ್ಟಣಿಗೆ ಸಮೇತ ಹೊರಬಂದಳು. ಸೆಕ್ರೆಟರಿ ಚಹಾ ಕುಡಿಯದೆ ಹೋದರು. ಅವರ ಚರಿತ್ರೆಯಲ್ಲಿ ಅದು ಮೊದಲ ಸಲ.

ನೇತ್ರಾ ಮಾತ್ರ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಜ್ಜಾ, ನಾ ಈ ಮನ್ಯಾಕಿ ಅಲ್ಲೇನು?"

"ಹುಚ್ಚಿ! ನೀ ನಿಮ್ಮ ಅಜ್ಜಿ ಹಂಗ ಅದೀದಿ. ಬರೋಬರ್ ಅಕಿ ಹಂಗ."

ನೇತ್ರಾ ತಲೆಯೆತ್ತಿ ಗೋಡೆಯ ಮೇಲಿನ ಫೋಟೋ ನೋಡಿದಳು. ಅವಳು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿ ನೀಲಗಂಗಮ್ಮ ಚೌಕಟ್ಟಿನೊಳಗೆ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ ಹೊಳೆಯುತ್ತಿದ್ದಳು.

"ಸುಳ್ಳ ಹೇಳಬ್ಯಾಡ ಅಜ್ಜಾ" ಎಂದು ಹೇಳಿ ಅವಳು ಒಳಗೆ ಹೋದಳು.

ನೀಲಗಂಗಮ್ಮ ಬೆಳ್ಳಗಾದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬದುಕಿದ್ದಷ್ಟು ಕಾಲ ಆಕೆ ಕಪ್ಪಗಿದ್ದಳು. ಹೆಣ್ಣು ನೋಡಲು ಹೋದಾಗಲೇ ಬಸವೇಶ್ವರಿ, "ಗುಣಾ ಚಲೋ ಐತಿ, ಬಣ್ಣಾ ಒಂದ..." ಎಂದು ಮಾತು ಅರ್ಧಕ್ಕೆ ಬಿಟ್ಟಿದ್ದಳು, ಉಳಿದರ್ಧವನ್ನು ಮುಂದೆ ಸಂಸಾರದುದ್ದಕ್ಕೂ ಪೂರೈಸಿದಳು. ಫೋಟೋ ತೆಗೆಯುವಾಗಲೆಲ್ಲ ನೀಲಗಂಗಮ್ಮ ಬೇರೆಯವರ ಹಿಂದೆ ಸರಿಯುತ್ತಿದ್ದಳು, ಇಲ್ಲವೇ ಫೋನ್ ಇಸಿದುಕೊಂಡು ತಾನೇ ತೆಗೆಯುತ್ತೇನೆ ಎನ್ನುತ್ತಿದ್ದಳು. ಹೀಗಾಗಿ ಆಕೆ ತೀರಿಕೊಂಡಾಗ ಇಡೀ ಮನೆಯಲ್ಲಿ ಸಿಕ್ಕದ್ದು ಶಿವಪುತ್ರಪ್ಪನವರ ಹಳೆಯ ಫೋನಿನಲ್ಲಿದ್ದ ಒಂದೇ ಒಂದು ಫೋಟೋ. ಅದನ್ನು ತೆಗೆದುಕೊಂಡು ಸದರ್‌ನ ಸ್ಟುಡಿಯೋ ಬಾಬು ಹತ್ತಿರ ಹೋದರು.

ಬಾಬು ಅದನ್ನು ಕಂಪ್ಯೂಟರಿನ ಮೇಲೆ ದೊಡ್ಡದು ಮಾಡಿ, ಎಲ್ಲರಿಗೂ ಕೇಳುವಂತೆ ಇವರಿಗೂ, "ಅಂಕಲ್, ಥೋಡಾ ಫೇರ್ ಕರ್ ದೂಂ?" ಎಂದು ಕೇಳಿದ. ಹೆಂಡತಿಯ ಮುಖ ಅಷ್ಟು ದೊಡ್ಡದಾಗಿ ಕಂಡದ್ದೇ ಶಿವಪುತ್ರಪ್ಪನವರ ಗಂಟಲು ಕಟ್ಟಿತು. ಮಾತು ಹೊರಡದೆ ತಲೆ ಅಲ್ಲಾಡಿಸಿದರು. ಬಾಬು ಒಂದು ಪಟ್ಟು ಬೆಳ್ಳಗೆ ಮಾಡಿದ. "ಔರ್?" ಎಂದ. ಅಳು ತಡೆಯಲು ಮತ್ತೆ ತಲೆ ಅಲ್ಲಾಡಿಸಿದರು. ಬಾಬು ಮತ್ತೊಂದು ಪಟ್ಟು ಏರಿಸಿದ. ಅವರಿಗೆ ಗಂಟಲು ಬಿಡುವ ಹೊತ್ತಿಗೆ ನೀಲಗಂಗಮ್ಮ ಯಾರದೋ ಹೆಂಡತಿಯಾಗಿದ್ದಳು. ಹೋಗಲಿ, ಬದುಕಿದ್ದಾಗ ಬಣ್ಣದ ಮಾತು ಕೇಳಿ ಕೇಳಿ ಸೋತವಳು, ಈಗಲಾದರೂ ಸಮಾಧಾನದಿಂದ ಇರಲಿ ಎಂದು ತಮಗೆ ತಾವೇ ಹೇಳಿಕೊಂಡು ಚೌಕಟ್ಟು ಹಾಕಿಸಿದರು.

ಆ ಫೋಟೋದ ಪ್ರಭಾವ ಸಾಮಾನ್ಯವಾದದ್ದಲ್ಲ. ಗ್ಯಾಸ್ ಸಿಲಿಂಡರ್ ತರುವವ ಯಾವುದೋ ಮಾತಾಜಿ ಎಂದು ತಿಳಿದು ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದ. ವರ್ಷದ ಕಾರ್ಯಕ್ಕೆ ಗದಗಿನಿಂದ ಬಂದ ಬಂಧುಗಳು ಮೂಲೆಯಲ್ಲಿ ಗುಸುಗುಸು ನಡೆಸಿ, ಶಿವಪುತ್ರಪ್ಪ ಗುಟ್ಟಾಗಿ ಇನ್ನೊಂದು ಮದುವೆಯಾಗಿದ್ದಾನೆ, ಆಕೆಯೂ ತೀರಿಕೊಂಡಿದ್ದಾಳೆ ಎಂಬ ತೀರ್ಮಾನಕ್ಕೆ ಬಂದರು. ಹೊರಡುವಾಗ ಹಿರಿಯರೊಬ್ಬರು ಹೆಗಲು ತಟ್ಟಿ, "ಇಬ್ಬರನೂ ಕಳಕೊಂಡಿ, ಗಟ್ಟಿ ಮನಸು ಮಾಡ್ಕೋ" ಎಂದು ಸಂತೈಸಿದ್ದರು.

ಇಷ್ಟು ದಿನ ನಗೆಗೆ ವಸ್ತುವಾಗಿದ್ದ ಆ ಫೋಟೋ ಈಗ ಮೊಮ್ಮಗಳ ಮುಂದೆ ಅಜ್ಜನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಶಿವಪುತ್ರಪ್ಪನವರು ಅದನ್ನು ಗೋಡೆಯಿಂದ ಇಳಿಸಿ, ಕಂಕುಳಲ್ಲಿಟ್ಟುಕೊಂಡು, ಬಾಬು ಹತ್ತಿರ ಓಡಿದರು.

"ಬಾಬು, ಇಸ್‌ಕೋ ಕಾಲಾ ಕರೋ."

ಬಾಬು ಬಾಯಿ ತೆರೆದು ನೋಡಿದ. "ಅಂಕಲ್, ಗೋರಾ ಕರಾನೇ ರೋಜ್ ಲೋಗ್ ಆತೇ ಹೈಂ. ಕಾಲಾ ಕರಾನೇ ಆಪ್ ಪೆಹಲೇ ಆದ್ಮೀ ಹೋ."

ಮೂಲ ಫೋಟೋ ಇದೆಯೇ ಎಂದರೆ ಇಲ್ಲ. ಬಾಬುವಿನ ಕಂಪ್ಯೂಟರ್ ಕೆಟ್ಟು ಎಲ್ಲ ಅಳಿಸಿಹೋಗಿತ್ತು. ಶಿವಪುತ್ರಪ್ಪನವರ ಹಳೆಯ ಫೋನ್ ಎಂದೋ ನೀರಿಗೆ ಬಿದ್ದು ಸತ್ತಿತ್ತು. ಆದರೆ ಅದೇನೂ ದೊಡ್ಡ ಮಾತಲ್ಲ, ಬಣ್ಣ ಹೇಳಿದರೆ ಹಚ್ಚಿಕೊಡುತ್ತೇನೆ ಎಂದು ಬಾಬು ಧೈರ್ಯ ಹೇಳಿದ. ಪರದೆಯ ಮೇಲೆ ಕಂದು ಬಣ್ಣದ ಚೌಕಗಳು ಮೇಲಿನಿಂದ ಕೆಳಗಿನವರೆಗೆ ತುಂಬಿಕೊಂಡವು. "ಯೇ? ಕಿ ಯೇ? ಕಿ ಯೇ?" ಎಂದು ಬಾಬು ಒಂದೊಂದನ್ನೇ ಒತ್ತುತ್ತ ಹೋದ. ಕೊನೆಗೆ ಬೇಸತ್ತು, "ಆಪ್ ತೋ ಕಲರ್ ಸಾಹೇಬ ಹೋ. ನಂಬರ್ ಬೋಲೋ ನಾ" ಎಂದ.

ಕಲರ್ ಸಾಹೇಬರಿಗೆ ಬೋಗಿಗಳ ಬಣ್ಣದ ನಂಬರ್ ನೆನಪಿತ್ತು, ಸ್ಟೇಷನ್ನಿನ ಬೆಂಚುಗಳದ್ದು ನೆನಪಿತ್ತು, ಲೆವೆಲ್ ಕ್ರಾಸಿಂಗಿನ ಗೇಟಿನದ್ದೂ ನೆನಪಿತ್ತು. ಹೆಂಡತಿಯ ಬಣ್ಣ ನೆನಪಿರಲಿಲ್ಲ. ಆಕೆಯ ಬಳೆಯ ಸಪ್ಪಳ ನೆನಪಿದೆ, ಕೆಮ್ಮು ನೆನಪಿದೆ, ಸಾರಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಮುಖ ಮಾತ್ರ ಗೋಡೆಯ ಮೇಲಿನ ಬೆಳ್ಳನೆಯ ಮುಖವೇ ಆಗಿಹೋಗಿತ್ತು. ಅದರ ಹಿಂದಿನದನ್ನು ಎಷ್ಟು ತಡಕಿದರೂ ಸಿಗಲಿಲ್ಲ.

ಹಬ್ಬಕ್ಕೋ ಮದುವೆಗೋ ಹೊಸ ಸೀರೆ ಉಟ್ಟಾಗಲೆಲ್ಲ ನೀಲಗಂಗಮ್ಮ ಬಾಗಿಲಲ್ಲಿ ನಿಂತು, "ಹೆಂಗ ಕಾಣ್ತೀನ್ರಿ?" ಎಂದು ಕೇಳುತ್ತಿದ್ದಳು. ಇವರು ಚಪ್ಪಲಿ ಹುಡುಕುತ್ತ, "ಜಲ್ದಿ ನಡಿ, ಬಸ್ ಹೋಗತೈತಿ" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಆ ಬಸ್ಸುಗಳೆಲ್ಲ ಇವರಿಗೆ ಸಿಕ್ಕಿದವು, ಒಂದೂ ತಪ್ಪಲಿಲ್ಲ. ಸ್ಟುಡಿಯೋದ ಸ್ಟೂಲಿನ ಮೇಲೆ ಕುಳಿತು ಶಿವಪುತ್ರಪ್ಪನವರು ಇದನ್ನು ನೆನೆದು ಅತ್ತರು. ಬಾಬು ಏನು ಮಾಡಬೇಕೆಂದು ತೋಚದೆ ಫ್ಯಾನಿನ ವೇಗ ಹೆಚ್ಚಿಸಿದ.

ಶನಿವಾರ ಬಂತು. ತರಲು ಬೇರೆ ಫೋಟೋ ಇಲ್ಲದ್ದರಿಂದ ಶಿವಪುತ್ರಪ್ಪನವರು ಅದೇ ಫೋಟೋವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡರು. ನೇತ್ರಾ ನಂಬದಿದ್ದರೂ ಟೀಚರ್ ಮುಂದೆ ಪ್ರಮಾಣ ಮಾಡಿ ಹೇಳುವುದೆಂದು ನಿಶ್ಚಯಿಸಿದ್ದರು.

"ಸತ್ತಾಕಿ ಫೋಟೋ ಸಾಲಿಗೆ ಒಯ್ಯೂದು ಎಲ್ಲೈತೋ ಶಿವಪ್ಪಾ? ನಿನಗ ತಲಿ ಕೆಟ್ಟೈತಿ" ಎನ್ನುತ್ತ, ತಡೆಯಲೆಂದು ಬಂದ ಬಸವೇಶ್ವರಿಯೂ ಆಟೋ ಹತ್ತಿದಳು. ಆಟೋದವನು ಕನ್ನಡಿಯಲ್ಲಿ ಫೋಟೋದ ಒಂದು ಮೂಲೆ ಕಂಡು, ಯಾವ ಉತ್ಸವ ಮಂಡಳದ ದೇವಿ ಎಂದು ಕೇಳಿ ಕೈ ಮುಗಿದ.

ತರಗತಿಯಲ್ಲಿ ಹೆತ್ತವರು ಗೋಡೆಯುದ್ದಕ್ಕೂ ಕುಳಿತಿದ್ದರು. ಮಕ್ಕಳ ಮುಂದೆ ತಟ್ಟೆಗಳಲ್ಲಿ ಕೆಂಪು, ಹಳದಿ, ನೀಲಿ, ಬಿಳಿ ಬಣ್ಣಗಳು. ಮೊದಲ ಮೂರನ್ನು ಕಲಸಿದರೆ ಕಂದು ಬರುತ್ತದೆ ಎಂದು ನಮಿತಾ ಟೀಚರ್ ತೋರಿಸಿದಾಗ ಮಕ್ಕಳಿಗಿಂತ ಹೆಚ್ಚು ಬೆರಗಾದವರು ಕಲರ್ ಸಾಹೇಬರು. ಋತ್ವಿಕ್ ತನ್ನ ಬಣ್ಣ ಬಂದಾಗ ಅದಕ್ಕೆ 'ಚಿಕ್ಕು' ಎಂದು ಹೆಸರಿಟ್ಟ. ಇನ್ನೊಬ್ಬಳು ತನ್ನದು ಬೆಲ್ಲ ಎಂದಳು. ನೇತ್ರಾ ಯಾರ ಜೊತೆಗೂ ಮಾತಾಡದೆ, ತುಟಿ ಕಚ್ಚಿಕೊಂಡು ಕಲಸುತ್ತಿದ್ದಳು. ಅಂಗೈ ಹಿಂಬದಿಗೆ ಒಂದು ಚುಕ್ಕೆ ಇಟ್ಟು ನೋಡಿದಳು, ಕೆಂಪಾಯಿತು. ಒರೆಸಿ, ನೀಲಿ ಬೆರೆಸಿ ಮತ್ತೆ ಇಟ್ಟಳು, ಬೂದಿಯಂತಾಯಿತು. ಹಳದಿ ಬೆರೆಸಿದಳು. ಮತ್ತೆ ಕೆಂಪು ತುಸು. ಮತ್ತೆ ಇಟ್ಟಳು.

"ಅಜ್ಜಾ! ಚುಕ್ಕಿ ಹೋತು! ಎಲ್ಲಿ ಐತಿ ಹುಡುಕು?"

ಶಿವಪುತ್ರಪ್ಪನವರು ಕನ್ನಡಕ ಏರಿಸಿ ಬಾಗಿದರು. ಚುಕ್ಕೆ ಎಲ್ಲಿಯೂ ಹೋಗಿರಲಿಲ್ಲ, ಕೈಯ ಬಣ್ಣದಲ್ಲಿ ಬೆರೆತು ಕಾಣದಂತಾಗಿತ್ತು. ಆ ಪುಟ್ಟ ಕೈಯನ್ನು ಹಿಡಿದು ಹುಡುಕುತ್ತ ಹುಡುಕುತ್ತ ಅವರು ತಟ್ಟನೆ ನಿಂತರು. ದಿನವೂ ಮಧ್ಯಾಹ್ನ ಮಜ್ಜಿಗೆಯ ಲೋಟ ಹಿಡಿದು ಮುಂದೆ ಬರುತ್ತಿದ್ದ ಕೈ ಇದು. ಜ್ವರ ಬಂದಾಗ ಹಣೆಯ ಮೇಲೆ ಕೂರುತ್ತಿದ್ದ ಕೈ. ಎಷ್ಟೊಂದು ದಿನ ಕಣ್ಣೆದುರಿಗಿತ್ತು! ಈ ಐದು ವರ್ಷ, ಅಕ್ಕ ಹಿಟ್ಟು ಹಚ್ಚಿ ತಿಕ್ಕುತ್ತಿದ್ದಾಗಲೂ ಎದುರಿಗೇ ಇತ್ತು. ತಾವು ಪೇಪರ್ ಓದುತ್ತಿದ್ದರು.

"ಇದು... ಇದು ನಿಮ್ಮ ಅಜ್ಜಿ ಬಣ್ಣಾ ಯವ್ವಾ" ಎಂದರು. ಕಣ್ಣೀರು ಬಣ್ಣದ ತಟ್ಟೆಗೇ ಬಿತ್ತು.

ಋತ್ವಿಕ್ ಎದ್ದು, "ಟೀಚರ್, ಕಲರ್ ಸಾಹೇಬ ಕೋ ಲಗ್ ಗಯಾ" ಎಂದು, ಪೆಟ್ಟು ಬಿದ್ದಿದೆಯೆಂದು ತಿಳಿದು, ದೂರು ಕೊಟ್ಟ.

ನೇತ್ರಾ ಅಜ್ಜನ ಮುಖ ನೋಡಿದಳು, ಪಕ್ಕದಲ್ಲಿ ಒರಗಿಸಿದ್ದ ಫೋಟೋ ನೋಡಿದಳು. ಅಜ್ಜ ಸುಳ್ಳು ಹೇಳುವಾಗ ಅಳುವುದಿಲ್ಲ ಎಂಬುದು ಅವಳಿಗೆ ಗೊತ್ತಿರಬೇಕು. ಬಣ್ಣದಲ್ಲಿ ಬೆರಳು ಅದ್ದಿ ಗಾಜಿನ ಮೇಲೆ ಅಜ್ಜಿಯ ಕೆನ್ನೆಗೆ ಬಳಿಯತೊಡಗಿದಳು.

ಗೋಡೆಯುದ್ದಕ್ಕೂ ಹಾಹಾಕಾರ ಎದ್ದಿತು. "ಅರೇ ದೇವಾ!" ಎಂದು ಒಬ್ಬ ತಾಯಿ ಬಾಯಿಗೆ ಸೆರಗು ಹಿಡಿದಳು. ಸತ್ತವರ ಫೋಟೋಕ್ಕೆ ಮಸಿ ಬಳಿಯುವುದೆಂದರೇನು! ನಮಿತಾ ಟೀಚರ್ ಒದ್ದೆ ಬಟ್ಟೆ ಹಿಡಿದು ಓಡಿ ಬಂದರು. ಅಷ್ಟರಲ್ಲಿ ಬಸವೇಶ್ವರಿ ಮೊಣಕಾಲು ಹಿಡಿದುಕೊಂಡು ಎದ್ದಳು. ಆಕೆ ಏಳುವ ರೀತಿ ನೋಡಿಯೇ ಜನ ದಾರಿ ಬಿಟ್ಟರು. ಶಿವಪುತ್ರಪ್ಪನವರು ಮೊಮ್ಮಗಳಿಗೆ ಅಡ್ಡವಾಗಿ ಕೈ ಚಾಚಿದರು. ಅಕ್ಕನಿಗೆ ಎದುರಾಗಿ ಕೈ ಎತ್ತಿದ್ದು ಜನ್ಮದಲ್ಲಿ ಅದೇ ಮೊದಲು.

ಬಸವೇಶ್ವರಿ ಆ ಕೈಯನ್ನು ಸರಿಸಿ, ಫೋಟೋದ ಮುಂದೆ ಕುಳಿತು, ಬಹಳ ಹೊತ್ತು ನೋಡಿದಳು.

"ಗಲ್ಲ ಬರೋಬರ್ ಆಗೈತಿ" ಎಂದಳು. "ಹಣಿ ಹಿಂಗಿರಲಿಲ್ಲ. ಇನ್ನೊಂದೀಟ ಕಪ್ಪಿತ್ತು. ನೀಲಿ ಹಾಕು ಸ್ವಲ್ಪ."

ನೇತ್ರಾ ನೀಲಿ ಬೆರೆಸಿದಳು.

"ನಿನಗ ಹೆಂಗ ನೆನಪೈತಿ ಅಕ್ಕಾ?" ಎಂದು ಶಿವಪುತ್ರಪ್ಪನವರು ಕೇಳಿದರು.

"ದವಾಖಾನ್ಯಾಗಿದ್ದಾಗ ದಿನಾ ಮಾರಿ ಒರಸಿದಾಕಿ ನಾನs ಅಲ್ಲೇನು?" ಎಂದಳು ಬಸವೇಶ್ವರಿ. ಆಮೇಲೆ ದನಿ ತಗ್ಗಿತು. "ಜೀವಮಾನ ಪೂರ್ತಿ ಬಣ್ಣದ ಮ್ಯಾಗ ಅಂದೆ ನಾ ಅಕಿಗೆ. ಅನ್ನಾಕರ ನೋಡಬೇಕಲ್ಲೋ, ಶಿವಪ್ಪಾ."

ಶಿವಪುತ್ರಪ್ಪನವರು ಹೆಂಡತಿಗೆ ಒಂದು ದಿನವೂ ಒಂದು ಮಾತು ಅಂದವರಲ್ಲ. ಒಳ್ಳೆಯ ಗಂಡ ಎಂದು ಊರೆಲ್ಲ ಹೆಸರಿತ್ತು.

ಹೆಸರಿಡುವ ಸರದಿ ಬಂದಾಗ ಟೀಚರ್, ನಿನ್ನ ಬಣ್ಣದ ಹೆಸರೇನು ಎಂದು ನೇತ್ರಾಳನ್ನು ಕೇಳಿದರು. "ನೀಲಗಂಗಮ್ಮ" ಎಂದು ಅವಳು ಸ್ಪಷ್ಟವಾಗಿ ಹೇಳಿದಳು. ಮರಾಠಿ ಮಕ್ಕಳು ಅದನ್ನು ಬಾಯಿಪಾಠ ಮಾಡಲು ಹೆಣಗಿದರು.

ಅಂದು ಸಂಜೆ ಫೋಟೋ ಗೋಡೆಗೆ ಮರಳಿತು. ಗಾಜಿನ ಮೇಲೆ ಬೆರಳಿನ ಗೆರೆಗಳು ಒಣಗಿದ್ದವು; ಒಂದು ಕಿವಿಗೆ ಬಣ್ಣ ಮುಟ್ಟಿರಲಿಲ್ಲ. ಒರೆಸಲೇ ಎಂದು ಕೇದಾರನಾಥ ಕೇಳಿದ. ಬಸವೇಶ್ವರಿ ಬೇಡವೆಂದಳು. ಕಡಲೆಹಿಟ್ಟಿನ ಡಬ್ಬಿಯನ್ನು ಧನುಶ್ರೀಯ ಕೈಗೆ ಕೊಟ್ಟು, "ಬಜಿ ಮಾಡು" ಎಂದಳು. ಸಿಲಿಂಡರ್ ತಂದವನು ಎಂದಿನಂತೆ ಚಪ್ಪಲಿ ಕಳಚಿ ಒಳಬಂದು, ತಲೆಯೆತ್ತಿ ನೋಡಿ ನಿಂತ. ಯಾರಿವರು ಎಂದ. ಹೆಂಡತಿ ಎಂದರು ಶಿವಪುತ್ರಪ್ಪನವರು. "ಅಚ್ಛಾ, ಪೋತೀ ಇನ್ ಪರ್ ಗಯೀ ಹೈ" ಎಂದು, ಮೊಮ್ಮಗಳು ಅಜ್ಜಿಯನ್ನೇ ಹೋಲುತ್ತಾಳೆಂದು ತೀರ್ಪು ಕೊಟ್ಟು, ಅವನು ಖಾಲಿ ಸಿಲಿಂಡರ್ ಎತ್ತಿಕೊಂಡು ಹೋದ.

ಎಲ್ಲರೂ ಅಡುಗೆಮನೆಯಲ್ಲಿದ್ದಾಗ ಶಿವಪುತ್ರಪ್ಪನವರು ಕೈಗಳನ್ನು ಹಿಂದೆ ಕಟ್ಟಿಕೊಂಡು ಫೋಟೋದ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ಎರಡನೇ ಕೋಟಿನ ಮಾತು ಎತ್ತಲಿಲ್ಲ. ಯಾರಿಗೂ ಕೇಳಿಸದಿರಲೆಂದು ಮೆಲ್ಲಗೆ, "ಛಂದ ಕಾಣ್ತಿ" ಎಂದರು.

"ನನಗ ಗೊತ್ತೈತಿ ಅಜ್ಜಾ" ಎಂದು ಹಿಂದಿನಿಂದ ದನಿ ಬಂತು. ನೇತ್ರಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗೇಟಿನ ಕಿತ್ತಳೆ ಅಜ್ಜಿಗೆ ತನ್ನ ಚಿತ್ರ ತೋರಿಸಬೇಕಿತ್ತು. "ಜಲ್ದಿ ನಡಿ, ಅಕಿ ಬುಟ್ಟಿ ಎತ್ಕೊಂಡು ಹೊಕ್ಕಾಳ."

ಬರುತ್ತೇನೆ ಎಂದರು ಶಿವಪುತ್ರಪ್ಪನವರು. ಆದರೆ ಕದಲಲಿಲ್ಲ. ಅವರಿಗೆ ಇನ್ನು ಯಾವ ಬಸ್ಸನ್ನೂ ಹಿಡಿಯಬೇಕಾಗಿರಲಿಲ್ಲ.